ಹೊಲಸು ಯಾರದು, ಗೌರವ ಯಾರಿಗೆ?

ಹೊಲಸನ್ನು ಮುಟ್ಟಿ ಶುದ್ಧಮಾಡುವವನು ತಾನೇ ಹೊಲಸಾಗುವನೋ ಎಂಬ ಪ್ರಶ್ನೆಯನ್ನು ಈ ಸಾರಿ ವಿಚಾರಿಸುವೆವು. ಇದರ ಅರ್ಧ ಉತ್ತರವು ನಮ್ಮ ತಿಪ್ಪೆಯ ಬುಡದಲ್ಲಿ ವಾಸಿಸುವ ಎರೆಹುಳುವಿನ ಹತ್ತಿರ ಉಂಟು.

ಅದಕ್ಕೆ ಕಣ್ಣಿಲ್ಲ, ಹಲ್ಲಿಲ್ಲ. ಒದ್ದೆ ಚರ್ಮದಿಂದಲೇ ಉಸಿರಾಡುವುದು. ಆದರೂ ಸಗಣಿಯನ್ನು ನುಂಗಿ, ಒಳಗೆ ಅರೆದು, ಚಹಪುಡಿಯಂಥ ಕಪ್ಪು ಹರಳುಗಳನ್ನಾಗಿ ಹೊರಹಾಕುವುದು. ಸಗಣಿಯಲ್ಲಿರುವ ಸಾರಜನಕ, ರಂಜಕ, ಪೊಟ್ಯಾಷುಗಳನ್ನು ಅದು ಸೃಷ್ಟಿಸುವುದಿಲ್ಲ. ಬೇರು ಸುಲಭವಾಗಿ ಹೀರುವಂತೆ ಮಾಡಿಕೊಡುವುದು. ಡಾರ್ವಿನ್ ಎಂಬ ಆಂಗ್ಲ ಪಂಡಿತನು ಬಹು ವರ್ಷ ಈ ಹುಳುವನ್ನು ಪರೀಕ್ಷಿಸಿ, 1881ರಲ್ಲಿ ಅದರ ವಿಷಯವಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರಾಧಾ ಡಿ. ಕಾಳೆ ಎಂಬ ವಿದುಷಿಯು ಎರೆಗೊಬ್ಬರದ ರೀತಿಯನ್ನು ಶೋಧಿಸಿದರು.

ರೀತಿ ಹೇಗಂದರೆ: ಹಸಿ ಸಗಣಿಯ ರಾಶಿಯು ಕಾವೇರಿ ಹುಳುವನ್ನು ಕೊಲ್ಲುವುದು. ಆದಕಾರಣ ಎರಡು ಮೂರು ವಾರ ಕೊಳೆಯಿಸಿ, ಆರಿದ ಮೇಲೆ ನೆರಳಿನ ತೊಟ್ಟಿಯಲ್ಲಿ ಹುಳುಗಳನ್ನು ಬಿಡಬೇಕು. ಗೋಣಿಚೀಲ ಹೊದಿಸಿ ನೀರು ಚಿಮುಕಿಸಬೇಕು, ನೀರು ನಿಲ್ಲಬಾರದು, ಇರುವೆ, ಕೋಳಿಗಳಿಂದ ಕಾಯಬೇಕು. ಸುಮಾರು ಎರಡು ತಿಂಗಳಲ್ಲಿ ದುರ್ವಾಸನೆಯಿಲ್ಲದ ಗೊಬ್ಬರವು ಸಿದ್ಧವಾಗುವುದು.

ಇನ್ನು ಬೆಂಗಳೂರಿನ ದಕ್ಷಿಣದ ಪುಟ್ಟೇನಹಳ್ಳಿಯನ್ನು ನೋಡಿರಿ. ಹಿಂದೆ ಕೆರೆಯ ಬದಿಯ ಹಳ್ಳಿ, ಈಗ ಜೆ.ಪಿ. ನಗರದ ಮನೆಗಳ ನಡುವೆ ಸೇರಿಹೋಗಿದೆ. ಹಳ್ಳಿಯಲ್ಲಿ ಕೊಟ್ಟಿಗೆಯ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ, ಹೊಲದ ಹುಲ್ಲು ಮತ್ತೆ ಕೊಟ್ಟಿಗೆಗೆ ಬರುವುದು. ನಗರದಲ್ಲಿ ಈ ಸುತ್ತು ಕಡಿದುಹೋಯಿತು. ಬಾಗಿಲು ದಾಟಿದ್ದು ಪರರ ಪಾಲಾಯಿತು. ಕೂಡ್ಲಿನಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು 1975ರಲ್ಲಿಯೇ ಸ್ಥಾಪಿತವಾಗಿದ್ದರೂ, ಬೆರಕೆ ಕಸದ ಲಾರಿಗಳು ಮಾವಳ್ಳಿಪುರ, ಮಂಡೂರುಗಳೆಂಬ ಹಳ್ಳಿಗಳ ಕಡೆಗೆ ಹೋದವು. ಅಲ್ಲಿಯವರ ಗಾಳಿಯೂ ನೀರೂ ಕೆಟ್ಟವು. 2014ರಲ್ಲಿ ಮಂಡೂರಿನ ಜನರು ಪ್ರತಿಭಟಿಸಿದರು. ಆ ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು.

ಇಲ್ಲಿ ಕೆಲವರು, “ಎರೆಹುಳುವನ್ನು ನೋಡಿರಿ, ಅದು ಗೊಣಗದೆ ಹೊಲಸಿನಲ್ಲಿ ದುಡಿಯುವುದು, ನೀವೂ ಹಾಗಿರಿ” ಎಂದು ಬಡವರಿಗೆ ಬೋಧಿಸುವರು. ಈ ಬೋಧನೆ ನ್ಯಾಯವೋ? ಅಲ್ಲ. ಹುಳುವಿಗೆ ಸಗಣಿಯು ಆಹಾರ. ಅವಮಾನವೆಂಬುದು ಅದಕ್ಕೆ ತಿಳಿಯದು. ಮನುಷ್ಯನಿಗೆ ತಿಳಿಯುವುದು. ಹುಟ್ಟಿನ ನೆವದಿಂದ ಪರರ ಮಲವನ್ನು ಹೊರಲು ನೇಮಿಸಲ್ಪಟ್ಟವರು ಅದನ್ನು ಆಹಾರವಾಗಿ ಅಲ್ಲ, ಭಾರವಾಗಿ ಹೊತ್ತರು. 1993ರಲ್ಲಿಯೂ 2013ರಲ್ಲಿಯೂ ಪಾರ್ಲಿಮೆಂಟು ಇದನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. ಆದಕಾರಣ ಹುಳುವಿನ ಪಾಠವು ಹೊರುವವನಿಗಲ್ಲ, ಹೊರಿಸುವವನಿಗೆ ಸಲ್ಲತಕ್ಕದ್ದು.

“ಯಾರಾದರೂ ಈ ಕೆಲಸ ಮಾಡಲೇಬೇಕಲ್ಲ, ಕೂಲಿ ಕೊಡುವೆವಲ್ಲ?” ಎನ್ನುವಿರೋ? ಕೂಲಿ ಕೊಡುವುದು ಸರಿಯೇ. ಆದರೆ ಒಡೆದ ಗಾಜನ್ನು ಅನ್ನದೊಳಗೆ ಬೆರಸಿ ಎಸೆದವನು ಕೂಲಿಯಿಂದ ತೀರಿಸಲಾಗದ ಗಾಯವನ್ನು ಮತ್ತೊಬ್ಬನ ಕೈಗೆ ಕೊಟ್ಟನು. ಬೇರೆಮಾಡಿ ಇಡುವುದಕ್ಕೆ ಹಣ ಬೇಡ, ಎರಡು ಕುಕ್ಕೆ ಸಾಕು.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಹೊಲಸನ್ನು ಮುಟ್ಟಿದ ಕೈ ನೀರಿನಿಂದ ಶುದ್ಧವಾಗುವುದು. ತನ್ನ ಹೊಲಸನ್ನು ಪರರ ಬಾಗಿಲಿಗೆ ಕಳುಹಿಸಿ, ಅದನ್ನೆತ್ತುವವನಿಂದ ದೂರ ನಿಲ್ಲುವ ಮನಸ್ಸನ್ನು ಯಾವ ನೀರು ತೊಳೆಯುವುದು? ಕೊಟ್ಟಿಗೆಯುಳ್ಳವರು ಈ ಬೇಸಿಗೆಯಲ್ಲಿ ಒಂದು ತೊಟ್ಟಿ ಕಟ್ಟಿರಿ. ಸಗಣಿಯನ್ನು ಯಜಮಾನನೇ ಎತ್ತಲಿ.