ಹತ್ತು ನಿಮಿಷದ ಬೆಲೆ ತೆರುವವರು ಯಾರು?

ಎರಡು ವರ್ಷಗಳ ಹಿಂದಿನ ಮಳೆಗಾಲದ ಒಂದು ಸಂಜೆ. ಮನೆಗೆ ನೆಂಟರು ಬಂದಿದ್ದರು. ಕಾಫಿಗೆ ಹಾಲು ಸಾಲದೆಂದು ಮಗಳು ಮೊಬೈಲಿನಲ್ಲಿಯೇ ಹಾಲು, ಬಿಸ್ಕತ್ತು ತರಿಸಲು ಆರ್ಡರ್ ಮಾಡಿದಳು. ಹತ್ತು ನಿಮಿಷದಲ್ಲಿ ಬರಬೇಕಾದದ್ದು ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಕೊನೆಗೆ ಬಂದ ಹುಡುಗ ತೊಯ್ದು ತೊಪ್ಪೆಯಾಗಿದ್ದ. "ರಸ್ತೆಯಲ್ಲೆಲ್ಲ ನೀರು ನಿಂತಿದೆ ಸಾರ್" ಎಂದ. ನಾನು ಉತ್ತರಿಸದೆ ಚೀಲ ತೆಗೆದುಕೊಂಡು ಬಾಗಿಲು ಹಾಕಿದೆ. ಸೇವೆ ಹೇಗಿತ್ತೆಂದು ಮೊಬೈಲ್ ಕೇಳಿದಾಗ ಐದು ನಕ್ಷತ್ರಗಳಲ್ಲಿ ಒಂದನ್ನು ಮಾತ್ರ ಒತ್ತಿದೆ. ಹಣ ಕೊಟ್ಟವನು ಸತ್ಯ ಹೇಳಿದ್ದೇನೆ, ಅದರಲ್ಲಿ ತಪ್ಪೇನು ಎಂಬ ಸಮಾಧಾನವೂ ನನಗಿತ್ತು.

ಆ ಸಮಾಧಾನ ಬಹುಕಾಲ ಉಳಿಯಲಿಲ್ಲ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಪದವಿ ಮುಗಿಸಿದ ಯುವಕನೊಬ್ಬನಿದ್ದಾನೆ. ಬೇರೆ ಉದ್ಯೋಗ ದೊರೆಯದೆ ಆತನೂ ಇದೇ ಕೆಲಸಕ್ಕೆ ಸೇರಿದ. ಒಂದು ದಿನ ಮಾತಿಗೆ ಸಿಕ್ಕಾಗ ಆತ ಹೇಳಿದ: "ಸ್ಟಾರ್ ಕಡಿಮೆಯಾದರೆ ಆರ್ಡರ್ ಕಡಿಮೆಯಾಗುತ್ತೆ ಅಂಕಲ್. ಒಂದೊಂದು ಸಲ ಐಡಿಯನ್ನೇ ಬ್ಲಾಕ್ ಮಾಡಿಬಿಡ್ತಾರೆ. ಯಾಕೆ ಅಂತ ಯಾರನ್ನು ಕೇಳೋದು? ನಮಗೆ ಯಜಮಾನ ಅನ್ನೋರೇ ಇಲ್ಲವಲ್ಲ."

ಯಜಮಾನನೇ ಇಲ್ಲದ ದುಡಿಮೆ! ಈ ಮಾತು ನನ್ನನ್ನು ಬಹಳವಾಗಿ ಕಾಡಿತು. ಕಂಪನಿಯು ಆತನನ್ನು ನೌಕರನೆಂದು ಕರೆಯುವುದಿಲ್ಲ, 'ಪಾಲುದಾರ' ಎನ್ನುತ್ತದೆ. ಆದರೆ ಗಾಡಿ ಆತನದು, ಪೆಟ್ರೋಲು ಆತನದು, ಬಿದ್ದರೆ ಮುರಿಯುವ ಮೂಳೆಯೂ ಆತನದೇ. ಯಾವ ಆರ್ಡರ್ ಯಾರಿಗೆ, ಅದಕ್ಕೆ ಕೂಲಿ ಎಷ್ಟು ಎಂಬುದನ್ನು ನಿರ್ಧರಿಸುವುದು ಮಾತ್ರ ಎಲ್ಲಿಯೋ ಇರುವ ಗಣಕಯಂತ್ರ. ಆ ಯಂತ್ರ ತೀರ್ಪು ಕೊಡುವುದು ನಾವು ಒತ್ತುವ ನಕ್ಷತ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು. ಹಾಗಾದರೆ ಆ ಮಳೆಯ ಸಂಜೆ, ಮೂವತ್ತು ಸೆಕೆಂಡುಗಳ ಮಟ್ಟಿಗಾದರೂ, ಆ ಹುಡುಗನ ಯಜಮಾನ ನಾನೇ ಆಗಿದ್ದೆನಲ್ಲವೆ?

ಗೋದಾಮುಗಳನ್ನು ಬಡಾವಣೆಗಳ ಸಮೀಪದಲ್ಲಿಯೇ ತೆರೆದಿದ್ದೇವೆ, ಆದ್ದರಿಂದ ಯಾರೂ ವೇಗವಾಗಿ ಗಾಡಿ ಓಡಿಸಬೇಕಾಗಿಲ್ಲ ಎಂಬುದು ಕಂಪನಿಗಳ ವಾದ. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಕೂಲಿ ಗಂಟೆಯ ಲೆಕ್ಕದಲ್ಲಿಲ್ಲ, ಆರ್ಡರಿನ ಲೆಕ್ಕದಲ್ಲಿದೆ. ಸಂಜೆಯೊಳಗೆ ಇಂತಿಷ್ಟು ಆರ್ಡರ್ ಮುಗಿಸಿದರೆ ಮಾತ್ರ ಹೆಚ್ಚುವರಿ ಹಣ. ಹೀಗಿರುವಾಗ 'ನಿಧಾನವಾಗಿ ಹೋಗು' ಎಂದು ಹೇಳುವುದು ಸುಲಭ. ನಿಧಾನಕ್ಕೆ ತಗಲುವ ವೆಚ್ಚವನ್ನು ಯಾರು ಕೊಡುವರು?

ಯಂತ್ರಗಳು ಮನುಷ್ಯನಿಗೆ ಬಿಡುವು ತಂದುಕೊಡುತ್ತವೆ ಎಂಬ ನಂಬಿಕೆ ಹಳೆಯದು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರ ತಮ್ಮ ಪ್ರಬಂಧವೊಂದರಲ್ಲಿ, ನೂರು ವರ್ಷಗಳ ನಂತರ ಜನರು ವಾರಕ್ಕೆ 15 ಗಂಟೆ ದುಡಿದರೆ ಸಾಕಾದೀತು ಎಂದು ಊಹಿಸಿದ್ದರು. ಆ ನೂರು ವರ್ಷಗಳು ಮುಗಿಯುತ್ತ ಬಂದಿವೆ. ನಮ್ಮ ರಾಜ್ಯದಲ್ಲಿಯೇ 2023ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಗಳ ಮಿತಿಯೊಳಗೆ, ದಿನಕ್ಕೆ 12 ಗಂಟೆಗಳವರೆಗೆ ದುಡಿಸಲು ಅವಕಾಶ ಕಲ್ಪಿಸಲಾಯಿತು. ಯಂತ್ರ ಉಳಿಸಿದ ಸಮಯ ಎಲ್ಲಿಗೆ ಹೋಯಿತು? ಅದರ ಒಂದು ಪಾಲು ನಮ್ಮಂಥವರ ಮನೆ ಸೇರಿದೆ. ಅಂಗಡಿಗೆ ಹೋಗುವ ಶ್ರಮ ನಮಗೆ ತಪ್ಪಿತು, ಆದರೆ ಶ್ರಮವೇ ಇಲ್ಲವಾಗಲಿಲ್ಲ. ಅದು ನಮ್ಮ ಕಾಲಿನಿಂದ ಇನ್ನೊಬ್ಬರ ಬೆನ್ನಿಗೆ ವರ್ಗವಾಯಿತು, ಅಷ್ಟೆ. ಭಾನುವಾರ ದೇವಾಲಯದಿಂದ ಮರಳಿ ನಾವು ವಿಶ್ರಾಂತಿಗೆ ಕುಳಿತಾಗ ಅವರಿಗೆ ಬಿಡುವಿಲ್ಲದ ಓಡಾಟ ಆರಂಭವಾಗುತ್ತದೆ.

ಹಾಗೆಂದು ಹಳೆಯ ಕಾಲವೇ ಒಳ್ಳೆಯದಿತ್ತು ಎನ್ನಲಾರೆ. ನಾನು ಬಾಲಕನಾಗಿದ್ದಾಗ ನಮ್ಮೂರಿನ ದಿನಸಿ ಅಂಗಡಿಯಲ್ಲಿ ಉದ್ರಿ ಪುಸ್ತಕವಿತ್ತು, ನಗುಮುಖದ ಶೆಟ್ಟರಿದ್ದರು. ಮೂಟೆ ಹೊರಲು ನನ್ನದೇ ವಯಸ್ಸಿನ ಹುಡುಗನೂ ಇದ್ದ. ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಿದ್ದ ಆತ ಶಾಲೆಯ ಮುಖವನ್ನೇ ಕಂಡಿರಲಿಲ್ಲ. ಅನ್ಯಾಯ ಆಗಲೂ ಇತ್ತು. ಆದರೆ ಅದು ನಮ್ಮ ಕಣ್ಣೆದುರಿಗೇ ಇತ್ತು. ಒಂದು ಸಂಜೆ ಆ ಹುಡುಗನ ಕಾಲಿನ ಗಾಯ ಕಂಡು ನನ್ನ ತಂದೆ ಶೆಟ್ಟರೊಡನೆ ಜಗಳವಾಡಿದ್ದು ನನಗೆ ನೆನಪಿದೆ. ಮರುದಿನ ಹುಡುಗನ ಕಾಲಿಗೆ ಪಟ್ಟಿ ಬಿದ್ದಿತ್ತು. ಇಂದಿನ ತಂತ್ರಜ್ಞಾನವು ಕ್ರೌರ್ಯವನ್ನು ಹೊಸದಾಗಿ ಸೃಷ್ಟಿಸಿಲ್ಲ. ಆದರೆ ಎದುರಿಗೆ ಗಾಯ ಕಂಡಾಗ ನಮ್ಮೊಳಗೆ ಹುಟ್ಟುತ್ತಿದ್ದ ನಾಚಿಕೆಯನ್ನು ಅದು ಸದ್ದಿಲ್ಲದೆ ತೆಗೆದುಹಾಕಿದೆ. ನನ್ನ ಒಂದು ನಕ್ಷತ್ರದ ಪೆಟ್ಟು ಎಲ್ಲಿ ಬಿತ್ತೆಂದು ನಾನು ನೋಡಬೇಕಾಗಿಲ್ಲ. ಕೊಳ್ಳುಬಾಕ ಸಂಸ್ಕೃತಿಯ ನಿಜವಾದ ಅಪಾಯ ನಾವು ಹೆಚ್ಚು ಕೊಳ್ಳುತ್ತೇವೆ ಎಂಬುದಷ್ಟೇ ಅಲ್ಲ. ಕೊಳ್ಳುವಾಗ ಮನುಷ್ಯರನ್ನು ಕಾಣದಂತಾಗುತ್ತೇವೆ ಎಂಬುದು.

ಕಾಣದವರನ್ನು ಕಾಣುವಂತೆ ಮಾಡುವುದು ರಾಜಕಾರಣದ ಕರ್ತವ್ಯ. ನೀತಿ ಆಯೋಗವು 2022ರ ವರದಿಯಲ್ಲಿ, ದೇಶದಲ್ಲಿ 2020-21ರಲ್ಲಿ 77 ಲಕ್ಷ ಮಂದಿ ಇಂಥ ಗಿಗ್ ಕೆಲಸಗಳಲ್ಲಿದ್ದರೆಂದೂ 2029-30ರ ವೇಳೆಗೆ ಈ ಸಂಖ್ಯೆ 2.35 ಕೋಟಿ ತಲುಪಬಹುದೆಂದೂ ಅಂದಾಜಿಸಿತು. 2023ರಲ್ಲಿ ರಾಜಸ್ಥಾನ ಇವರಿಗಾಗಿ ದೇಶದಲ್ಲಿಯೇ ಮೊದಲ ಕಾಯಿದೆ ಮಾಡಿತು. 2025ರಲ್ಲಿ ಕರ್ನಾಟಕವೂ ಕಾಯಿದೆ ತಂದಿತು. ಅದರಂತೆ ಕೆಲಸಗಾರನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿಗಳು ಶೇ. 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಶುಲ್ಕ ಕಟ್ಟಬೇಕು. ಲಿಖಿತ ಕಾರಣವನ್ನೂ 14 ದಿನಗಳ ಮುನ್ಸೂಚನೆಯನ್ನೂ ಕೊಡದೆ ಕೆಲಸದಿಂದ ತೆಗೆಯುವುದು ಸುಲಭವಲ್ಲ. ಇದು ಸ್ವಾಗತಾರ್ಹ. ಆದರೆ ಚುನಾವಣೆ ಬಂದಾಗ ಜಾತಿ, ಪಕ್ಷ, ನಾಯಕರ ಕುರಿತು ಗಂಟೆಗಟ್ಟಲೆ ವಾದಿಸುವ ನಾವು, ಈ ಕಾಯಿದೆ ಜಾರಿಯಾಗುತ್ತಿದೆಯೇ ಎಂದು ಮತ ಕೇಳಲು ಬಂದವರನ್ನು ಒಮ್ಮೆಯಾದರೂ ಪ್ರಶ್ನಿಸಿದ್ದೇವೆಯೆ?

ಇನ್ನು ಮುಂದೆ ಏನನ್ನೂ ತರಿಸುವುದಿಲ್ಲವೆಂದು ನಾನು ಆ ಯುವಕನಿಗೆ ಹೇಳಿದೆ. ಆತ ನಕ್ಕ. "ಹಾಗೆ ಮಾಡಬೇಡಿ ಅಂಕಲ್. ಅದೇ ನಮ್ಮ ಅನ್ನ. ಮಳೆ ಬಂದಾಗ ಸ್ವಲ್ಪ ತಡೆದುಕೊಳ್ಳಿ, ಸಾಕು" ಎಂದ.

ನನ್ನ ಪಶ್ಚಾತ್ತಾಪಕ್ಕಿಂತ ಆತನ ಮಾತೇ ಹೆಚ್ಚು ವಿವೇಕದ್ದು. ತ್ಯಾಗ ಮಾಡಿ ಕೈ ತೊಳೆದುಕೊಳ್ಳುವುದರಿಂದ ಮನಸ್ಸಿಗೆ ನೆಮ್ಮದಿ ಸಿಗಬಹುದು, ಆದರೆ ಆತನ ಮನೆಯ ಒಲೆ ಉರಿಯದು. ಆತ ಕೇಳಿದ್ದು ದಯೆಯನ್ನಲ್ಲ, ತಾಳ್ಮೆಯನ್ನು. ತಡವಾದರೆ ಕಾರಣ ಕೇಳುವ, ಬಾಗಿಲಲ್ಲಿ ನಿಂತವನಿಗೆ ಒಂದು ಲೋಟ ನೀರು ಕೊಡುವ, ಅವಸರವಿಲ್ಲದ್ದಕ್ಕೆ ಅವಸರ ಮಾಡದಿರುವ ತಾಳ್ಮೆ. ಇದನ್ನು ಮಕ್ಕಳಿಗೆ ಕಲಿಸಲು ಪಾಠಪುಸ್ತಕ ಬೇಕಾಗಿಲ್ಲ. ಬಾಗಿಲು ತೆರೆಯುವಾಗ ನಾವು ನಡೆದುಕೊಳ್ಳುವ ರೀತಿಯನ್ನು ಅವರು ನೋಡುತ್ತಲೇ ಇರುತ್ತಾರೆ.

ಅಂದು ಒತ್ತಿದ ಆ ಒಂದು ನಕ್ಷತ್ರವನ್ನು ಹಿಂದಕ್ಕೆ ಪಡೆಯುವ ದಾರಿ ನನಗೆ ಸಿಗಲಿಲ್ಲ. ಆ ಹುಡುಗನ ಹೆಸರೂ ನನಗೆ ತಿಳಿಯದು. ಈಗ ಮನೆಗೆ ಯಾರೇ ಬಂದರೂ ಮೊದಲು ಹೆಸರು ಕೇಳುತ್ತೇನೆ.