ಸೌಂದರ್ಯವೂ ಔಚಿತ್ಯವೂ

ಕಣ್ಣಿಗೆ ಸುಂದರವಾದ ವಸ್ತುವು ತನ್ನ ಕೆಲಸಕ್ಕೆ ತಾನೇ ಅಡ್ಡಿಯಾದರೆ ಅದನ್ನು ಮೆಚ್ಚುವುದು ಯುಕ್ತವೇ? ಕಾವ್ಯದ ವಿಷಯದಲ್ಲಿ ನಮ್ಮ ಆಲಂಕಾರಿಕರು ಇದನ್ನು ವಿಚಾರಮಾಡಿರುವರು. ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಪ್ರತಿಪಾದಿಸಿದನು. ಇದೇ ಪ್ರಶ್ನೆಯು ಅಮೆರಿಕ ದೇಶದ ಮೋಟಾರು ಗಾಡಿಯೊಂದರ ವಿಷಯದಲ್ಲಿಯೂ ಎದ್ದಿತೆಂಬುದು ವಾಚಕರಿಗೆ ಕುತೂಹಲವನ್ನುಂಟುಮಾಡದಿರದು.

ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ಗಾಡಿಗಳ ರೂಪವನ್ನು ಕಲ್ಪಿಸುವ ವಿಭಾಗಕ್ಕೆ ಮುಖ್ಯನಾಗಿದ್ದ ಹಾರ್ಲೆ ಅರ್ಲ್ ಎಂಬವನ ಆಸಕ್ತಿಯಿಂದ 1953ರಲ್ಲಿ ಷೆವರ್ಲೆ ಕಾರ್ವೆಟ್ ಎಂಬ ಇಬ್ಬರು ಕೂರುವ ಗಾಡಿಯು ಹುಟ್ಟಿತು. ಆ ವರ್ಷ ಸಿದ್ಧವಾದವು 300 ಮಾತ್ರ. ಎಲ್ಲವೂ ಬಿಳಿಯ ಬಣ್ಣದವು. ಮೈಯು ಉಕ್ಕಿನದಲ್ಲ, ಗಾಜಿನ ಎಳೆಗಳನ್ನು ರಾಳದೊಡನೆ ಕೂಡಿಸಿ ಅಚ್ಚಿನಲ್ಲಿ ರೂಪಿಸಿದುದು. ರೂಪವು ಪಂದ್ಯದ ಗಾಡಿಯದಾದರೂ ಒಳಗಿದ್ದುದು ಆರು ಸಿಲಿಂಡರಿನ ಯಂತ್ರ, ಎರಡೇ ಗೇರು. ಅದೇ ವರ್ಷ ಸಂಸ್ಥೆಯನ್ನು ಸೇರಿದ ಜೋರಾ ಆರ್ಕಸ್-ಡಂಟೋವ್ ಎಂಬ ಇಂಜಿನಿಯರನು ಈ ಕೊರತೆಯನ್ನು ನೀಗಿಸಲು ಬಹುವಾಗಿ ಶ್ರಮಿಸಿದನು. 1955ರಲ್ಲಿ ಎಂಟು ಸಿಲಿಂಡರಿನ ಯಂತ್ರವು ಬಂದಿತು. ಹೊರಗಿನ ರೂಪಕ್ಕೆ ತಕ್ಕ ಶಕ್ತಿಯು ಒಳಗೂ ಕ್ರಮೇಣ ಕೂಡಿತು.

ಅರ್ಲನ ತರುವಾಯ ಆ ಸ್ಥಾನಕ್ಕೆ ಬಂದವನು ಬಿಲ್ ಮಿಚೆಲ್. ಅವನ ಕಾಲದಲ್ಲಿ, 1963ರ ಮಾದರಿಯಾಗಿ, ತೊರಕೆ ಮೀನಿನ ಹೆಸರನ್ನು ಹೊತ್ತ ಸ್ಟಿಂಗ್ ರೇ ಎಂಬ ಕಾರ್ವೆಟ್ ಹೊರಟಿತು. ಅದರ ಮುಂದಿನ ದೀಪಗಳು ಬೇಡವಾದಾಗ ಮೈಯೊಳಗೆ ಮರೆಯಾಗುವವು. ಛಾವಣಿಯ ನಡುವೆ ಬೆನ್ನೆಲುಬಿನಂತೆ ಹಾಯ್ದ ಏಣೊಂದು ಬಾಲದವರೆಗೂ ಇಳಿದು, ಹಿಂದಿನ ಕಿಟಕಿಯ ಗಾಜನ್ನು ಎರಡಾಗಿ ಸೀಳುವುದು. ಚಾಲಕನಿಗೆ ಹಿಂದಿನ ದಾರಿ ಕಾಣದೆಂದು ಡಂಟೋವನು ಆಕ್ಷೇಪಿಸಿದನು. ಈ ರೇಖೆಯಿಲ್ಲದೆ ಗಾಡಿಗೆ ಅಂದವೇ ಇಲ್ಲವೆಂಬುದು ಮಿಚೆಲನ ಹಟ. ಮಿಚೆಲನೇ ಗೆದ್ದನು, ಅಂಥ ಗಾಡಿಗಳು 10,594 ತಯಾರಾದವು. ಆದರೆ 1964ರ ಮಾದರಿಯಲ್ಲಿ ಅಡ್ಡಪಟ್ಟಿಯು ಹೋಗಿ ಒಂದೇ ಗಾಜು ಬಂದಿತು. ಮೂತಿಯ ಮೇಲೆ ಗಾಳಿಗಂಡಿಗಳಂತೆ ತೋರುತ್ತಿದ್ದ, ಗಾಳಿಯಾಡದ ಎರಡು ಜಾಲರಿಗಳೂ ಆಗಲೇ ಹೋದವು.

ಇಲ್ಲಿ ಪೂರ್ವಪಕ್ಷವು ಹೀಗೆ ಏಳಬಹುದು: ಉಪಯೋಗವೊಂದೇ ಪ್ರಮಾಣವಾದರೆ ದೀಪದ ಕಂಬಕ್ಕೆ ಕೆತ್ತನೆ ಏತಕ್ಕೆ? ಅಲ್ಲದೆ, ಸೀಳುಗಿಟಕಿಯ ಆ ಒಂದು ವರ್ಷದ ಗಾಡಿಯನ್ನೇ ಇಂದು ಸಂಗ್ರಾಹಕರು ವಿಶೇಷವಾಗಿ ಅರಸುವರಲ್ಲವೇ?

ಹೌದು. ಆದರೆ ಇಂದು ಮೆಚ್ಚುವವನು ಬಹುಮಟ್ಟಿಗೆ ಹೊರಗೆ ನಿಂತು ನೋಡುವವನು. ಅಂದು ತೊಂದರೆಪಟ್ಟವನು ಒಳಗೆ ಕುಳಿತು ನಡೆಸುತ್ತಿದ್ದವನು. ಸೌಂದರ್ಯವು ತನ್ನ ಉಪಾಸಕನಿಂದ ಹಣವನ್ನೂ ಸುಖವನ್ನೂ ಕೇಳಬಹುದು. ಅವನು ಒಪ್ಪಿ ಕೊಡುವನು. ಗಾಡಿಯು ಹಿಂದಕ್ಕೆ ಸರಿಯುವಾಗ ಅದರ ಹಿಂದೆ ನಡೆದುಹೋಗುವ ಮಗುವಾದರೋ ಯಾವ ಉಪಾಸನೆಗೂ ಒಪ್ಪಿದುದಲ್ಲ. ಹುಸಿ ಜಾಲರಿಯು ಸತ್ಯಕ್ಕೆ ಮಾತ್ರ ಊನ. ನೋಟವನ್ನು ಮರೆಮಾಡುವ ಪಟ್ಟಿಯು ಅಹಿಂಸೆಗೇ ಊನ. ಎರಡನೆಯದು ಹೆಚ್ಚಿನ ದೋಷವೆಂಬುದರಲ್ಲಿ ಸಂದೇಹವಿಲ್ಲ.

ಹಾಗೆಂದು ಮಿಚೆಲನ ಕಣ್ಣನ್ನು ಹಳಿಯಬೇಕಾಗಿಲ್ಲ. 1964ರ ಗಾಡಿಯಲ್ಲಿ ಗಾಜಿನ ಮೇಲಣ ಪಟ್ಟಿಯು ಹೋಯಿತೇ ಹೊರತು ಛಾವಣಿಯ ಏಣು ಉಳಿಯಿತು. ಮೈಯ ಓಟವೂ ಉಳಿಯಿತು. ಅಂದವು ಔಚಿತ್ಯಕ್ಕೆ ಬಿಟ್ಟುಕೊಟ್ಟುದು ನಡುವಿನ ಒಂದು ಪಟ್ಟಿಯನ್ನು ಮಾತ್ರ. ಅಷ್ಟನ್ನು ಮೊದಲೇ ಬಿಟ್ಟುಕೊಟ್ಟಿದ್ದರೆ ಆ ಕಲಾವಿದನ ಕೀರ್ತಿಗೆ ಯಾವ ಕುಂದೂ ಬರುತ್ತಿರಲಿಲ್ಲವೆಂದು ನಮಗೆ ತೋರುವುದು.