ಕೊನೇ ಹೊಲದ ಪಾಲು

ನವಲಗುಂದದ ಕಡೆ ಮಲಪ್ರಭಾ ಕಾಲುವೆಯ ತುದಿಗಿರೋ ಹೊಲಕ್ಕೆ ‘ಟೇಲ್ ಎಂಡ್’ ಅಂತಾರೆ. ಇಂಗ್ಲಿಷ್ ಬಾರದ ನಮ್ಮ ಕಾಕಾನೂ ಹಾಗೇ ಅಂತಾನೆ. ನಮ್ಮ ಹೊಲ ಇರೋದೂ ಅಲ್ಲೇ. ಬೆಂಗಳೂರಿನಲ್ಲಿ ರೂಟರ್‌ಗಳ ಸಾಫ್ಟ್‌ವೇರ್ ಬರೆಯೋ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಸಿಕ್ಕ ಶಬ್ದ ‘ಟೇಲ್ ಡ್ರಾಪ್’. ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ರೂಟರ್‌ಗೆ ಎರಡು ಕೆಲಸ. ಯಾವ ವಿಳಾಸಕ್ಕೆ ಯಾವ ದಾರಿ ಅಂತ ಅಕ್ಕಪಕ್ಕದ ರೂಟರ್‌ಗಳಿಂದ ತಿಳಿದು ಪಟ್ಟಿ ಮಾಡಿಕೊಳ್ಳೋದು ರೂಟಿಂಗ್. ಬಂದ ಪ್ಯಾಕೆಟ್ಟನ್ನು ಆ ಪಟ್ಟಿ ನೋಡಿ ಮುಂದಕ್ಕೆ ದಾಟಿಸೋದು ಫಾರ್ವರ್ಡಿಂಗ್. ಬರೋದು ಹೆಚ್ಚಾಗಿ, ಹೋಗೋ ದಾರಿ ಸಾಲದಾದಾಗ ಪ್ಯಾಕೆಟ್‌ಗಳು ಸಾಲಿನಲ್ಲಿ ನಿಲ್ಲುತ್ತವೆ. ಸಾಲು ತುಂಬಿದ ಮೇಲೆ ಬಂದದ್ದನ್ನೆಲ್ಲ ಚೆಲ್ಲಿಬಿಡೋದೇ ಟೇಲ್ ಡ್ರಾಪ್.

ಹಬ್ಬಕ್ಕೆ ಊರಿಗೆ ಹೋದಾಗ ಇದನ್ನ ಕಾಕಾಗೆ ಹೇಳಿದೆ.

“ಅಂದ್ರ ಯಾರಿಗೆ ಕೊಡಬಾರದು ಅಂತ ಬರಿಯಾಕ ನಿನಗ ಪಗಾರ ಕೊಡ್ತಾರೇನ ತಮ್ಮಾ?”

“ಹಂಗಲ್ಲ ಕಾಕಾ. ಮೊದಲ ಬಂದವರಿಗೆ ಮೊದಲ. ನಾವು ಯಾರನ್ನೂ ಆರಿಸಂಗಿಲ್ಲ.”

“ಮ್ಯಾಲಿನ ಹೊಲದವ್ರೂ ಅದನ್ನ ಅಂತಾರ. ನೀರು ತಾನ ಬಂತು, ನಾವೇನ ಕದ್ದಿಲ್ಲ ಅಂತ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರೂ ಕದಿಯದೆ, ಯಾರೂ ಸುಳ್ಳು ಹೇಳದೆ, ಬರೀ ನಿಯಮ ಪಾಲಿಸಿದ್ದರಿಂದಲೇ ಒಬ್ಬನ ಹೊಲ ಒಣಗಿದರೆ ಅದು ಅನ್ಯಾಯವೋ, ಅಲ್ಲವೋ?

ಚೆಲ್ಲೋದೇ ಪಾಪ ಅಂತ ನಾನು ಹೇಳಲಾರೆ. 1986ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ನಾನೂರು ಗಜ ದೂರದ ಎರಡು ಜಾಗಗಳ ನಡುವೆ ಸೆಕೆಂಡಿಗೆ 32,000 ಬಿಟ್ ಹರಿಯುತ್ತಿದ್ದ ಜಾಲ 40 ಬಿಟ್‌ಗೆ ಕುಸಿಯಿತು. ಮುಟ್ಟಲಿಲ್ಲ ಅಂತ ಎಲ್ಲರೂ ಮತ್ತೆ ಮತ್ತೆ ಕಳಿಸಿದರು, ಯಾರದೂ ಸರಿಯಾಗಿ ಮುಟ್ಟಲಿಲ್ಲ. ಆಮೇಲೆ ಬಂದ ವ್ಯವಸ್ಥೆಯಲ್ಲಿ ಪ್ಯಾಕೆಟ್ ಕಳೆದದ್ದೇ ಒಂದು ಸುದ್ದಿ: ‘ದಾರಿ ತುಂಬಿದೆ, ನಿಧಾನ ಮಾಡು.’ ಇಲ್ಲದ ನೀರನ್ನು ಯಾರೂ ಹಂಚಲಾರರು. ಹಾಗಾಗಿ ಪ್ರಶ್ನೆ ಚೆಲ್ಲಬೇಕೋ ಬೇಡವೋ ಅನ್ನೋದಲ್ಲ, ಯಾರದನ್ನು ಅನ್ನೋದು.

‘ಮೊದಲು ಬಂದವರಿಗೆ ಮೊದಲು’ ನೋಡೋಕೆ ಸಮಾನತೆ. ಆದರೆ ಟೇಲ್ ಡ್ರಾಪ್‌ನಲ್ಲಿ ಕೆಲವೇ ಪ್ರವಾಹಗಳು ಸಾಲನ್ನೆಲ್ಲ ಆಕ್ರಮಿಸಿ ಉಳಿದವರನ್ನು ಹೊರಗೇ ನಿಲ್ಲಿಸಬಹುದು ಅಂತ ಈ ಕ್ಷೇತ್ರದ ತಜ್ಞರೇ 1998ರಲ್ಲಿ ಬರೆದಿಟ್ಟಿದ್ದಾರೆ. ಸರಿ, ಎಲ್ಲರಿಗೂ ಸಮಪಾಲು ಮಾಡೋಣ ಅಂದರೆ, ‘ಎಲ್ಲರೂ’ ಅಂದರೆ ಯಾರು? ಒಂದೊಂದು ಸಂಪರ್ಕಕ್ಕೆ ಒಂದು ಪಾಲು ಅಂದರೆ ಹತ್ತು ಸಂಪರ್ಕ ತೆರೆದವನಿಗೆ ಹತ್ತು ಪಾಲು. ಒಂದೇ ಮನೆಯ ಜಮೀನು ಹತ್ತು ಹೆಸರಿಗೆ ಬರೆಸಿದ ಹಾಗೆ. ಪಾಲು ಎಕರೆ ಲೆಕ್ಕಕ್ಕೋ, ಮನೆ ಲೆಕ್ಕಕ್ಕೋ, ಬಾಯಿ ಲೆಕ್ಕಕ್ಕೋ? ಇದನ್ನ ಗಣಿತ ಹೇಳಲ್ಲ. ಯಾರಾದರೂ ಕೂತು ತೀರ್ಮಾನಿಸಲೇಬೇಕು. ತೀರ್ಮಾನ ಮಾಡದೆ ಡಿಫಾಲ್ಟ್ ಬಿಟ್ಟರೆ ಅದೂ ಒಂದು ತೀರ್ಮಾನವೇ, ಸಹಿ ಇಲ್ಲದ್ದು ಅಷ್ಟೆ.

ಇನ್ನೊಂದು ಮಾತಿದೆ. ಪಟ್ಟಿಯಲ್ಲಿ ದಾರಿ ಇದ್ದ ಮಾತ್ರಕ್ಕೆ ಪ್ಯಾಕೆಟ್ ಮುಟ್ಟಿತು ಅಂತಲ್ಲ. ನಕಾಶೆಯಲ್ಲಿ ಕಾಲುವೆ ಇದ್ದ ಮಾತ್ರಕ್ಕೆ ನೀರು ಬಂತು ಅಂತಲೂ ಅಲ್ಲ. ನೀರು ಮುಟ್ಟದ ಹೊಲಕ್ಕೂ ನೀರಾವರಿಯ ಹೆಸರಲ್ಲಿ ಕರ ಕೇಳಿದ್ದು 1980ರ ನರಗುಂದ–ನವಲಗುಂದ ಬಂಡಾಯಕ್ಕೆ ಒಂದು ಕಾರಣ. ಆ ಜುಲೈ 21ರಂದು ಗೋಲಿಬಾರ್‌ನಲ್ಲಿ ರೈತರು ಸತ್ತರು. ನಾನು ಹುಟ್ಟೋ ಮುಂಚಿನ ಮಾತು, ಆದರೂ ನಮ್ಮಲ್ಲಿ ಪ್ರತಿ ವರ್ಷ ಆ ದಿನ ಹುತಾತ್ಮರನ್ನು ನೆನೆಯುತ್ತಾರೆ. ಕಾಗದದ ಮೇಲಿನ ದಾರಿಯನ್ನೇ ನಿಜವಾದ ದಾರಿ ಅಂದುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ನನಗೆ ಪುಸ್ತಕ ಬೇಕಿಲ್ಲ.

“ಹಂಗಾರ ಏನ್ ಮಾಡಬೇಕು ಕಾಕಾ?”

“ನೀರು ಕಮ್ಮಿ ಐತಿ ಅಂದ್ರ ಮೊದಲ ಹೇಳಬೇಕಪಾ. ಬರಂಗಿಲ್ಲ ಅಂತ ಗೊತ್ತಾದ್ರ ನಾ ಕಡಲಿ ಬಿತ್ತತೀನಿ. ಬರತೈತಿ ಬರತೈತಿ ಅಂತ ಹತ್ತಿ ಹಾಕಿ ಮುಗಲ ನೋಡಕೋತ ಕುಂಡ್ರೂದು ಐತೆಲ್ಲ, ಅದು ಬ್ಯಾಡ.”

ಇಂಟರ್ನೆಟ್ ಈ ಪಾಠ ಕಲಿತದ್ದು ನಿಧಾನಕ್ಕೆ. ಸಾಲು ಪೂರ್ತಿ ತುಂಬೋ ಮೊದಲೇ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಬಿಟ್ಟು ಎಚ್ಚರಿಸೋ ವಿಧಾನವನ್ನು ಸ್ಯಾಲಿ ಫ್ಲಾಯ್ಡ್ ಮತ್ತು ವ್ಯಾನ್ ಜೇಕಬ್ಸನ್ 1993ರಲ್ಲಿ ಮುಂದಿಟ್ಟರು. ಹೆಚ್ಚು ಕಳಿಸುವವರಿಗೇ ಹೆಚ್ಚು ಎಚ್ಚರಿಕೆ ಮುಟ್ಟೋ ಹಾಗೆ ಅದರ ಲೆಕ್ಕ. 2001ರಲ್ಲಿ, ಚೆಲ್ಲೋ ಬದಲು ಪ್ಯಾಕೆಟ್ ಮೇಲೆ ಒಂದು ಗುರುತು ಹಾಕಿ ‘ಮುಂದೆ ಇಕ್ಕಟ್ಟಿದೆ’ ಅಂತ ತಿಳಿಸೋ ಪದ್ಧತಿ ಮಾನಕವಾಯಿತು.

ನನ್ನ ಕೈಯಲ್ಲಿ ಡಿಫಾಲ್ಟ್ ಬದಲಿಸೋ ಅಧಿಕಾರ ಇಲ್ಲ. ಹಳೇ ಗ್ರಾಹಕರು ಇದ್ದದ್ದೇ ಇರಲಿ ಅಂತಾರೆ ಅನ್ನೋದು ಮೀಟಿಂಗಿನಲ್ಲಿ ಬಂದ ಉತ್ತರ. ಆದರೆ ನಮ್ಮ ಕೋಡಿನಲ್ಲಿ ಚೆಲ್ಲಿದ ಪ್ಯಾಕೆಟ್‌ಗಳಿಗೆಲ್ಲ ಸೇರಿ ಒಂದೇ ಲೆಕ್ಕ ಇತ್ತು. ಒಟ್ಟು ಇಷ್ಟು ಹೋಯಿತು, ಅಷ್ಟೇ. ಯಾವ ಸಾಲಿನದು, ಯಾವ ಕಾರಣಕ್ಕೆ ಅಂತ ಬೇರೆ ಬೇರೆ ಬರೆದಿಡೋ ಹಾಗೆ ಮಾಡಿದೆ. ನೂರು ಸಾಲೂ ಇಲ್ಲದ ಕೋಡು. ಯಾರಿಗೂ ಒಂದು ಹನಿ ಹೆಚ್ಚು ಸಿಗಲಿಲ್ಲ. ಆದರೆ ಈಗ ‘ನಾವು ಯಾರನ್ನೂ ಆರಿಸಿಲ್ಲ’ ಅಂತ ಯಾರಾದರೂ ಅಂದರೆ, ಯಾರ ಪಾಲು ಹೋಯಿತು ಅಂತ ತೆಗೆದು ತೋರಿಸಬಹುದು.

ಕಾಕಾಗೆ ಫೋನಿನಲ್ಲಿ ಹೇಳಿದೆ. “ಚಲೋ ಆತು,” ಅಂದ. “ಇಲ್ಲೂ ಅಂಥಾದ್ದೊಂದು ಹಾಕಾಕ ಬರತೈತೇನು?”